ಮೋಡದ ಕೆಳಗಿನ ನೀರು

ನಕ್ಷೆ ಪೂರ್ತಿ ತೆರೆದುಕೊಳ್ಳುವ ಮೊದಲೇ ಅವಳಿಗೆ ಗೊತ್ತಾಗಿಹೋಯಿತು. ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಪರದೆ ತುಂಬುತ್ತ ಬಂದದ್ದೆಲ್ಲ ಬಿಳಿ. ದಡದ ಬದಿಗೆ ಒಂದಿಷ್ಟು ಹಸಿರು, ಹರಿದ ಅಂಗಿಯ ತೂತಿನಲ್ಲಿ ಮೈ ಕಂಡ ಹಾಗೆ ಅಲ್ಲಲ್ಲಿ ನೀಲಿ, ಮಿಕ್ಕದ್ದೆಲ್ಲ ಮೋಡ. ಆ ಹೊತ್ತಿಗೆ ಅವಳ ಮನಸ್ಸಿಗೆ ಮೊದಲು ಬಂದದ್ದು ಮೀನಲ್ಲ, ಕೆಳಗೆ ಬಂದರಿನ ಧಕ್ಕೆಯಲ್ಲಿ ಹಗ್ಗ ಬಿಚ್ಚಲು ಕಾದು ನಿಂತ ದೋಣಿಗಳಲ್ಲ, ಅಪ್ಪನೂ ಅಲ್ಲ. ಇವತ್ತು ಎಲ್ಲರ ಕಣ್ಣಲ್ಲಿ ತಾನು ಸಣ್ಣವಳಾಗುತ್ತೇನಲ್ಲ ಎಂಬುದು. ಹಾಗೆ ಅನ್ನಿಸಿದ್ದಕ್ಕೆ ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಅವಳ ಕಿವಿ ಬೆಚ್ಚಗಾಯಿತು. ಜನ ತನ್ನ ಕಡೆ ನೋಡಿಯಾರೆಂದು ಬದುಕಿಡೀ ಗೋಡೆಗಂಟಿಕೊಂಡು ನಡೆದವಳು ತಾನು. ಜನರ ನಂಬಿಕೆಯ ರುಚಿ ತನಗೆ ಯಾವಾಗ ಹತ್ತಿತು?

ಕಚೇರಿ ಇದ್ದದ್ದು ಐಸ್ ಕಾರ್ಖಾನೆಯ ಮಹಡಿಯ ಮೇಲೆ. ಹೊರಗೆ ಎಂಥ ಸೆಕೆಯಿದ್ದರೂ ಒಳಗಿನ ನೆಲ ಮಾತ್ರ ಸದಾ ತಣ್ಣಗೆ. ಅವಳು ಕಾಲುಚೀಲ ಹಾಕಿಕೊಂಡೇ ಕೂರುತ್ತಿದ್ದಳು. ಕೆಳಗೆ ಐಸು ಪುಡಿ ಮಾಡುವ ಯಂತ್ರ ಓಡಿದಾಗೆಲ್ಲ ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿತ್ತು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಹಲಗೆಯ ಮೇಲೆ ವೈರ್‌ಲೆಸ್ಸು, ಅದರ ಮುಂದೆ ದೋಣಿ ಯಜಮಾನರ ಸಂಘದ ಕಾರ್ಯದರ್ಶಿಯವರ ಕುರ್ಚಿ. ಕಿಟಕಿ ತೆರೆದರೆ ಇಡೀ ಬಂದರು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು.

ಸಮುದ್ರದ ಬಗ್ಗೆ ಓದಿ ಪದವಿ ಪಡೆದು ಬಂದವಳಿಗೆ ಈ ಕೆಲಸ ಸಿಕ್ಕಿದ್ದು ಪುಣ್ಯವೇ ಎಂದು ಅಮ್ಮ ಹೇಳುತ್ತಿದ್ದಳು. ಪುಣ್ಯವೆಂದು ಅವಳಿಗೂ ಅನ್ನಿಸಿತ್ತು. ಕಾರಣ ಮಾತ್ರ ಬೇರೆ. ಇಲ್ಲಿ ಯಾರ ಹತ್ತಿರವೂ ಮಾತಾಡಬೇಕಾಗಿರಲಿಲ್ಲ. ಬೆಳಗಾಗುತ್ತಲೇ ಉಪಗ್ರಹದಿಂದ ಬರುವ ನಕ್ಷೆ ತೆರೆಯಬೇಕು, ನೀರಿನ ಬಿಸಿ ನೋಡಬೇಕು, ಬಣ್ಣ ನೋಡಬೇಕು, ಅಂಚು ಎಲ್ಲಿದೆ ಎಂದು ಹುಡುಕಿ ಒಂದು ಗೆರೆ ಎಳೆಯಬೇಕು. ಕಡಲು ದಡದಲ್ಲಿ ನಿಂತು ನೋಡುವವರಿಗೆ ಒಂದೇ ನೀರು. ನಕ್ಷೆಯಲ್ಲಿ ಹಾಗಲ್ಲ. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಓರಗಿತ್ತಿಯರ ಹಾಗೆ ಬೆಚ್ಚನೆಯ ನೀಲಿ ನೀರು, ತಣ್ಣನೆಯ ಹಸಿರು ನೀರು ಪಕ್ಕಪಕ್ಕದಲ್ಲೇ ಇದ್ದೂ ಬೆರೆಯದೆ ಹರಿಯುತ್ತವೆ. ಎರಡೂ ತಾಗುವ ಅಂಚಿನಲ್ಲಿ ತೇಲುವ ಕಸಕಡ್ಡಿ ಸೇರುತ್ತದೆ, ಅದರಡಿ ಸಣ್ಣ ಮೀನು, ಸಣ್ಣ ಮೀನಿನ ಬೆನ್ನಿಗೆ ಟ್ಯೂನಾ. ಹಸಿರು ನೀರಿನಲ್ಲಿ ಊಟವಿದೆ, ಆದರೆ ಕಣ್ಣು ಕಾಣುವುದಿಲ್ಲ. ನೀಲಿ ನೀರಿನಲ್ಲಿ ಕಣ್ಣು ಕಾಣುತ್ತದೆ, ಊಟವಿಲ್ಲ. ಅದಕ್ಕೇ ಟ್ಯೂನಾ ನೀಲಿಯ ಕಡೆ ನಿಂತು ಹಸಿರಿಗೆ ಬಾಯಿ ಹಾಕುತ್ತದೆ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತ ಬೆಕ್ಕಿನ ಹಾಗೆ. ಆ ಹೊಸ್ತಿಲು ದಿನಾ ಜಾಗ ಬದಲಿಸುತ್ತದೆ. ಅದನ್ನು ಹುಡುಕುವುದೇ ಅವಳ ಕೆಲಸ.

ಹುಡುಕಿದ್ದನ್ನು ಹೇಳುವುದು ಕಾರ್ಯದರ್ಶಿಯವರ ಕೆಲಸ. ಬಂದರಿನಲ್ಲಿ ಅವರನ್ನು ಎಲ್ಲರೂ ಕಹಳೆ ಎನ್ನುತ್ತಿದ್ದರು, ಎದುರಿಗೂ ಹಾಗೇ ಕರೆಯುತ್ತಿದ್ದರು. ಅವರಿಗೆ ವೈರ್‌ಲೆಸ್ ಯಾಕೆ, ಕಿಟಕಿ ತೆರೆದು ಕೂಗಿದರೆ ಸಾಲದೇ ಎಂಬುದು ಹಳೆಯ ಜೋಕು. ಅವಳು ಚೀಟಿಯಲ್ಲಿ ಬರೆದುಕೊಡುತ್ತಿದ್ದಳು, ಅವರು ಓದುತ್ತಿದ್ದರು. ಆದರೆ ಇದ್ದದ್ದು ಇದ್ದ ಹಾಗೆ ಓದುತ್ತಿರಲಿಲ್ಲ. ಅವಳು ‘ಅಂಚು ಬಹುಶಃ ಈ ಭಾಗದಲ್ಲಿ’ ಎಂದು ಬರೆದರೆ ಅವರ ಬಾಯಲ್ಲಿ ಅದು ‘ಅಂಚು ಇಲ್ಲೇ’ ಎಂದಾಗುತ್ತಿತ್ತು. ಮೊದಮೊದಲು ಅವಳು ಒಮ್ಮೆ, ತುಂಬ ಧೈರ್ಯ ಮಾಡಿ, ಆ ಪದ ಬಿಟ್ಟುಹೋಯಿತೆಂದು ಬೆರಳಿಟ್ಟು ತೋರಿಸಿದ್ದಳು. ಅವರು ಕನ್ನಡಕದ ಮೇಲಿಂದ ನೋಡಿದರು.

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಕಡಲಿಗೆ ಹೋಗೋವ್ರ ಹತ್ರ ಮಾತಾಡಬಾರದಮ್ಮ. ಮದುವೆ ಗಂಡಿಗೆ ‘ಹೆಣ್ಣು ಬಹುಶಃ ಬರ್ತಾಳೆ’ ಅಂದ್ರೆ ಅವನು ಪೇಟ ಕಟ್ಕೊಂಡು ಹೊರಡ್ತಾನಾ?”

ಅವಳು ನಕ್ಕಿದ್ದಳು. ನಕ್ಕ ಮೇಲೆ ಮತ್ತೆ ಕೇಳುವುದು ಹೇಗೆ? ಆಮೇಲಿಂದ ಅವಳು ಬರೆಯುವುದನ್ನು ಬಿಡಲಿಲ್ಲ, ಅವರು ಬಿಡುವುದನ್ನು ಬಿಡಲಿಲ್ಲ. ತನ್ನ ಪಾಲಿನ ಸತ್ಯ ಚೀಟಿಯಲ್ಲಿದೆಯಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಈ ಸಲದ ಋತುವಿನ ಮೊದಲಿಗೆ ಒಂದು ದಿನ ಅರ್ಧ ನಕ್ಷೆ ಮೋಡದಲ್ಲಿ ಮುಚ್ಚಿಹೋಗಿತ್ತು. ಕಂಡ ಎರಡು ತುಂಡು ಅಂಚನ್ನು ಅವಳು ಅಂದಾಜಿನ ಮೇಲೆ ಸೇರಿಸಿ, ‘ಬಹುಶಃ’ ಎಂದು ಬರೆದುಕೊಟ್ಟಿದ್ದಳು. ಕಹಳೆ ಆ ಪದ ನುಂಗಿ ಗೆರೆಯನ್ನಷ್ಟೇ ಓದಿದರು. ಮರುದಿನ ಸಂಜೆ ದೋಣಿಗಳು ಮೀನಿನ ಭಾರಕ್ಕೆ ಬದಿಯವರೆಗೆ ನೀರಿಗಿಳಿದು, ತುಂಬಿದ ಬಸುರಿಯರ ಹಾಗೆ ನಿಧಾನವಾಗಿ ಬಂದರಿಗೆ ಬಂದವು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ. ಆದರೆ ಟೊಂಗೆ ಮುರಿದ ಕಾಗೆಯನ್ನು ಊರು ಬಿಡಲಿಲ್ಲ. ಕಡಲಿನ ಜ್ವರ ನೋಡುತ್ತಾಳೆಂದು ಅವಳಿಗೆ ಡಾಕ್ಟರಮ್ಮ ಎಂದು ಹೆಸರಿಟ್ಟರು. ಅಂಗಡಿಗೆ ಹೋದರೆ ಯಾರೋ ಸರಿದು ಜಾಗ ಕೊಟ್ಟರು. ಬಸ್ಸಿನಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬಳು ಅವಳ ಕೈ ಹಿಡಿದು ನನ್ನ ಗಂಡನ ದೋಣಿಯೂ ಹೋಗಿತ್ತು ಎಂದಳು. ಅವಳಿಗೆ ತಲೆ ಎತ್ತಲಾಗಲಿಲ್ಲ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಆ ಕೈಯ ಬಿಸಿಯನ್ನು ನೆನೆಸಿಕೊಳ್ಳುತ್ತ ಹೋದಳು.

ಅಪ್ಪ ಮಾತ್ರ ಏನೂ ಹೇಳಲಿಲ್ಲ. ಅವನು ಯಾವುದಕ್ಕೂ ಏನೂ ಹೇಳುವವನಲ್ಲ. ಬಂದರಿನ ಆ ತುದಿಯಲ್ಲಿ, ದೊಡ್ಡ ದೋಣಿಗಳ ಸಾಲು ಮುಗಿದ ಮೇಲೆ, ಅವನ ದೋಣಿ ನಿಲ್ಲುತ್ತಿತ್ತು. ದೂರದ ನೀರಿಗೆ ಹೋಗುವ ದೋಣಿಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು. ಅಪ್ಪ ಮಗಳು ಇಬ್ಬರೂ ಊಟಕ್ಕೆ ಕೂತರೆ ತಟ್ಟೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಮನೆಯ ಮೂವರ ಮಾತನ್ನೂ ಅಮ್ಮ ಒಬ್ಬಳೇ ಆಡಿ ಮುಗಿಸುತ್ತಿದ್ದಳು. “ಮೌನ ಬಂಗಾರ ಅಂತಾರಲ್ಲ, ಹಾಗಿದ್ರೆ ನಮ್ಮನೇಲಿ ಮೂಟೆ ಮೂಟೆ ಇರ್ಬೇಕಿತ್ತು,” ಎನ್ನುತ್ತಿದ್ದಳು.

ಕಹಳೆ ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ಬಂದವರೇ ಪರದೆಯ ಬಿಳಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. ಗಾಳಿಯ ಕಾಟಕ್ಕೆ ದೋಣಿಗಳು ಬಹಳ ದಿನದಿಂದ ಧಕ್ಕೆ ಬಿಟ್ಟಿರಲಿಲ್ಲ. ಇವತ್ತು ಕಡಲು ಕಂಚಿನ ತಟ್ಟೆಯ ಹಾಗೆ ಮಲಗಿತ್ತು. ನಾಳೆ ಮಧ್ಯಾಹ್ನದವರೆಗೆ ಹೀಗೇ ಇರುತ್ತದೆ, ಸಂಜೆಯಿಂದ ಮತ್ತೆ ಗಾಳಿ ಎಂದು ಹವಾಮಾನದವರು ಹೇಳಿದ್ದರು. ಈಗ ಹೊರಟವರಿಗೆ ಒಂದು ಸಲ ಹೋಗಿ ಬರುವಷ್ಟು ಸಮಯ, ಅಲೆದಾಡಿ ಹುಡುಕುವಷ್ಟಿಲ್ಲ. ಅದಕ್ಕೇ ಎಲ್ಲರೂ ಐಸು ತುಂಬಿಕೊಂಡು ಗೆರೆಗಾಗಿ ಕಾಯುತ್ತಿದ್ದರು.

“ಆ ಇನ್ನೊಂದು ನಕ್ಷೆ ಇತ್ತಲ್ಲ, ಅದ್ರಲ್ಲಿ ಮೋಡ ಕಾಣ್ತಿರಲಿಲ್ಲ,” ಎಂದರು.

ಇತ್ತು. ಮೋಡದೊಳಗಿಂದಲೂ ನೋಡುವ ಉಪಗ್ರಹವೊಂದರದು. ಅವಳು ಅದನ್ನಾಗಲೇ ತೆರೆದು ನೋಡಿದ್ದಳು. ಅದರ ಒಂದೊಂದು ಚೌಕ ಅವರ ಊರಿಗಿಂತ ದೊಡ್ಡದು. ಕನ್ನಡಕ ತೆಗೆದಿಟ್ಟು ಸೂಜಿಗೆ ದಾರ ಪೋಣಿಸಿದ ಹಾಗೆ. ಕಹಳೆ ಹೇಳುತ್ತಿದ್ದದ್ದು ಅದಲ್ಲ, ತೇಪೆ ನಕ್ಷೆ. ಒಂದು ಗುಂಡಿ ಒತ್ತಿದರೆ ಸಾಕು, ಮೋಡವಿದ್ದ ಕಡೆಗೆಲ್ಲ ಹಿಂದಿನ ದಿನಗಳ ನೀರನ್ನು ತಂದು, ತನಗೆ ತೋಚಿದ ಲೆಕ್ಕ ಹಾಕಿ, ಕಂಪ್ಯೂಟರು ಹೊಲಿಗೆಯೇ ಕಾಣದ ಹಾಗೆ ತುಂಬಿಕೊಡುತ್ತಿತ್ತು. ಅವಳು ಒತ್ತಿದಳು. ಬಿಳಿ ಕರಗಿತು. ನೀಲಿಯೂ ಹಸಿರೂ ನುಣ್ಣಗೆ ಹರಡಿಕೊಂಡವು. ನಡುವೆ ಅಂಚು, ಯಾರೋ ಕೂತು ಬಿಡಿಸಿದ ಹಾಗೆ ಚೆಂದ. ಕಡಲತಳ ತಟ್ಟನೆ ಕುಸಿಯುವ ಜಾಗವನ್ನೂ ದಾಟಿ, ಅದಕ್ಕೂ ಆಚೆ, ಬಹಳ ದೂರದಲ್ಲಿ.

“ನೋಡು, ಎಷ್ಟು ಸ್ಪಷ್ಟವಾಗಿದೆ,” ಎಂದರು ಕಹಳೆ.

ಸ್ಪಷ್ಟವಾಗಿತ್ತು. ಮೋಡವಿಲ್ಲದ ದಿನ ಕೂಡ ಅಂಚು ಅಷ್ಟು ಸ್ಪಷ್ಟವಾಗಿ ಇರುತ್ತಿರಲಿಲ್ಲ. ಅದೇ ಅವಳನ್ನು ಕಾಡಿದ್ದು. ಇದು ಗಾಳಿ ಏಳುವ ಮುಂಚಿನ ನೀರು. ಇಷ್ಟು ದಿನ ಕಡಲನ್ನು ಮಗುಚಿ ಹಾಕಿದ ಗಾಳಿ ಅಂಚನ್ನು ಮಾತ್ರ ಜೋಪಾನವಾಗಿ ಅಲ್ಲೇ ಬಿಟ್ಟಿರುತ್ತದೆಯೇ? ಅವಳು ಅದನ್ನು ಹೇಳಲು ಬಾಯಿ ತೆರೆದಳು. ಬಂದದ್ದು, “ಇದು ಹಳೇದು,” ಎಂಬಷ್ಟೇ. ಹಳೆಯದಾದರೆ ಸ್ವಲ್ಪ ಆಚೆ ತಳ್ಳಿ ಬರೆ ಎಂದು ಅವರು ಸಲೀಸಾಗಿ ಹೇಳಿ, ಕೆಳಗೆ ಹೋಗಿ ಒಂದು ಟೀ ಕುಡಿದು ಬರುತ್ತೇನೆ, ಅಷ್ಟರಲ್ಲಿ ಚೀಟಿ ತಯಾರಿರಲಿ ಎಂದು ಇಳಿದುಹೋದರು.

ಅವಳು ಬರೆದಳು. ಗೆರೆಯ ಮೊದಲ ತುದಿ, ನಡುವಿನ ತಿರುವು, ಕೊನೆಯ ತುದಿ. ‘ಬಹುಶಃ’ ಎಂದು ಬರೆದು ಅದರ ಕೆಳಗೊಂದು ಗೀಟು ಹಾಕಿದಳು. ಇನ್ನೊಂದು ಗೀಟು ಹಾಕಿದಳು. ಆಮೇಲೆ ಆ ಪದವನ್ನು ನೋಡುತ್ತ ಕೂತಾಗ, ಇದು ತಾನು ಯಾರಿಗೋ ಹೇಳುತ್ತಿರುವ ಮಾತಲ್ಲ, ನಾಳೆ ತನ್ನನ್ನು ತಾನು ಬಚಾವು ಮಾಡಿಕೊಳ್ಳಲು ಇವತ್ತೇ ತೆಗೆದಿಟ್ಟುಕೊಳ್ಳುತ್ತಿರುವ ಕೊಡೆ ಎಂದು ಮೊದಲ ಬಾರಿ ಅನ್ನಿಸಿತು. ಕೊಡೆ ತನಗೊಬ್ಬಳಿಗೆ. ನೆನೆಯುವವರು ಬೇರೆ.

ಚೀಟಿಯನ್ನು ಮೇಜಿನ ಮೇಲೆ ಬಿಟ್ಟು, ಕಾಲುಚೀಲದ ಮೇಲೇ ಚಪ್ಪಲಿ ಮೆಟ್ಟಿ ಅವಳು ಕೆಳಗಿಳಿದಳು. ಅಪ್ಪನಿಗೊಬ್ಬನಿಗೆ ಹೇಳಿಬಿಟ್ಟರೆ ಸಾಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಧಕ್ಕೆಯಲ್ಲಿ ಐಸಿನ ಪುಡಿ ಜಾರುಗೊಳವೆಯಿಂದ ಧೋ ಎಂದು ಸುರಿಯುತ್ತಿತ್ತು. ಒದ್ದೆ ಹಗ್ಗ, ಡೀಸೆಲು, ಹಳೆಯ ಮೀನಿನ ವಾಸನೆ. ಗಾಳಗಳನ್ನು ಬುಟ್ಟಿಯ ಅಂಚಿಗೆ ಒಂದೊಂದಾಗಿ ಸಿಕ್ಕಿಸುತ್ತ ಕೂತಿದ್ದವರು ಅವಳನ್ನು ಕಂಡು, ಡಾಕ್ಟರಮ್ಮನೇ ರೋಗಿಯ ಮನೆಗೆ ಬಂದರಲ್ಲ ಎಂದು ತಮಾಷೆ ಮಾಡಿದರು. ಒಬ್ಬ ತನ್ನ ಕೈ ಮುಂದೆ ಚಾಚಿ ನಾಡಿ ನೋಡಿ ಎಂದ. ಅವಳು ತಲೆ ತಗ್ಗಿಸಿ ಸರಸರ ದಾಟಿದಳು.

ಅಪ್ಪ ದೋಣಿಯ ಹೊಟ್ಟೆಯೊಳಗೆ ಬಗ್ಗಿ ಐಸು ಹರಡುತ್ತಿದ್ದ. ಅವಳು ದಡದಲ್ಲಿ ನಿಂತಳು. ಕೆಮ್ಮಿದಳು. ಅವನು ತಲೆ ಎತ್ತಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹತ್ತಿರ ಬಂದ.

“ಅಪ್ಪ, ಇವತ್ತು ಮೋಡ ಇದೆ.”

ಅಪ್ಪ ಆಕಾಶ ನೋಡಿದ. ಬಂದರಿನ ಮೇಲೆ ತೊಳೆದಿಟ್ಟ ಹಾಗಿತ್ತು. “ಎಲ್ಲಿ?”

“ಇಲ್ಲಲ್ಲ. ದೂರದಲ್ಲಿ. ನೀರು ಕಾಣಲ್ಲ.”

“ಹೂಂ.” ಅವನು ಅವಳ ಕಾಲುಚೀಲ ನೋಡಿದ. “ಶೀತ ಆಗಿದೆಯಾ?”

“ಇಲ್ಲ.”

“ನೀನು ಗೆರೆ ಹಾಕು. ನಾನು ಹೋಗ್ತೀನಿ.”

ಅಷ್ಟು ಹೇಳಿ ಅವನು ತಿರುಗಿದ. ಅವಳು ದೋಣಿಯ ಕಡೆಗೆ ಇನ್ನೊಂದು ಹೆಜ್ಜೆ ಇಟ್ಟಳು. ಆಗ ಅವಳ ಕಣ್ಣಿಗೆ ಬಿದ್ದದ್ದು ಡೀಸೆಲಿನ ಡಬ್ಬಗಳು. ಚುಕ್ಕಾಣಿಯ ಗೂಡಿನ ಹಿಂದೆ, ಸಾಮಾನ್ಯವಾಗಿ ಐಸಿನ ಪೆಟ್ಟಿಗೆ ಇಡುತ್ತಿದ್ದ ಜಾಗದಲ್ಲಿ, ಸಾಲಾಗಿ ಡಬ್ಬಗಳನ್ನು ಹಗ್ಗದಿಂದ ಬಿಗಿದಿದ್ದ. ಐಸು ಕಡಿಮೆ ಮಾಡಿ ಡೀಸೆಲು ಹೆಚ್ಚು ಮಾಡಿಕೊಂಡಿದ್ದ. ಮೀನು ತರುವುದಕ್ಕಿಂತ ದೂರ ಹೋಗುವುದಕ್ಕೆ ಸಿದ್ಧವಾದ ದೋಣಿ ಅದು.

ಪಕ್ಕದ ದೋಣಿಯ ಯಜಮಾನ ಅದನ್ನೇ ನೋಡುತ್ತ ಬೀಡಿ ಸೇದುತ್ತಿದ್ದ. ಅವನಿಗೆ ಅನುಮಾನ ಎಂದೇ ಹೆಸರು. ಸೂರ್ಯ ಮೂಡಿದರೂ ಒಮ್ಮೆ ಗಡಿಯಾರ ನೋಡಿ ಖಾತ್ರಿ ಮಾಡಿಕೊಳ್ಳುವವನು. ಅವಳ ಗೆರೆಯ ಮೇಲೆ ಅವನು ಒಂದು ದಿನವೂ ಸರಿಯಾಗಿ ಹೋದವನಲ್ಲ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ತನ್ನ ಕಣ್ಣಿಗೆ ಕಂಡ ಕಡೆ. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಎಲ್ಲರೂ ಹಾಗೇ ಮಾಡುತ್ತಾರೆಂದು ತಿಳಿದಿದ್ದಳು.

“ಗೆರೆ ಬಲು ದೂರವಂತೆ?” ಎಂದ ಅನುಮಾನ. ಕಹಳೆ ಟೀ ಅಂಗಡಿಯಲ್ಲಿ ಆಗಲೇ ಊದಿದ್ದರು.

ಅವಳು ಡಬ್ಬಗಳನ್ನು ಎಣಿಸುತ್ತಿದ್ದಳು.

“ನಮಗೇನು, ಅಲ್ಲಿ ಇಲ್ಲದಿದ್ರೆ ಇನ್ನೊಂದು ಕಡೆ ನೋಡ್ಕೊಂಡು ಬರ್ತೀವಿ. ದೊಡ್ಡ ದೋಣಿ. ನಿನ್ನಪ್ಪಂದು ಹೇಳು.” ಅವನು ಬೀಡಿಯ ಬೂದಿ ಕೊಡವಿದ. “ಅವನು ನಿನ್ನ ಗೆರೆ ಬಿಟ್ಟು ಒಂದು ಮಾರು ಆಚೆ ಹೋಗಲ್ವಲ್ಲ. ಹಗ್ಗದ ಮೇಲೆ ನಡೆಯೋನ ಹಾಗೆ ಹೋಗ್ತಾನೆ.”

ಅವಳು ತಲೆ ಎತ್ತಿದಳು. ಅನುಮಾನನಿಗೆ ಅವಳಿಗಿದು ಹೊಸ ಸುದ್ದಿ ಎಂದು ಆಗ ತಿಳಿದಿರಬೇಕು. ಅವನು ದನಿ ತಗ್ಗಿಸಿ ಹೇಳತೊಡಗಿದ. ಗಾಳಿ ಏಳುವ ಮುಂಚಿನ ಕೊನೆಯ ಸಲ ಹೋದಾಗಿನ ಮಾತು. ಗೆರೆಯ ಮೇಲೆ ಏನೂ ಇರಲಿಲ್ಲ. ಕಣ್ಣಳತೆಯ ದೂರದಲ್ಲಿ, ಹಸಿರು ನೀರಿನ ಕಡೆ, ಹಕ್ಕಿಗಳು ಮೇಲಿಂದ ಕಲ್ಲು ಎಸೆದ ಹಾಗೆ ನೀರಿಗೆ ಬೀಳುತ್ತಿದ್ದವು. ಕೆಳಗೆ ನೀರು ಅನ್ನದ ಪಾತ್ರೆಯ ಹಾಗೆ ಕುದಿಯುತ್ತಿತ್ತು. ಅನುಮಾನ ದೋಣಿ ತಿರುಗಿಸಿ ಅಪ್ಪನನ್ನು ಕೂಗಿ ಕರೆದ. ಅಪ್ಪನ ಆಳುಗಳೂ ಎದ್ದು ನಿಂತು, ಹೋಗೋಣ ಎಂದು ಅಂಗಲಾಚಿದರು.

“ಬರಲಿಲ್ಲ. ‘ನನ್ನ ಮಗಳು ಇಲ್ಲಿ ಅಂದಿದ್ದಾಳೆ’ ಅಂದ. ಅಷ್ಟೇ. ಅಲ್ಲೇ ಗಾಳ ಇಳಿಬಿಟ್ಕೊಂಡು ಕೂತ, ಸಂಜೆವರೆಗೂ.”

ಆ ದಿನ ಅವಳಿಗೆ ನೆನಪಿತ್ತು. ಅಪ್ಪ ತಡವಾಗಿ ಮನೆಗೆ ಬಂದಿದ್ದ. ಹೇಗಿತ್ತು ಎಂದು ಅಮ್ಮ ಕೇಳಿದ್ದಳು. ನೀರು ಚೆನ್ನಾಗಿತ್ತು ಎಂದಿದ್ದ. ಅದು ಅವನು ಅವಳ ಕೆಲಸಕ್ಕೆ ಕೊಟ್ಟ ಮೊದಲ ಮೆಚ್ಚುಗೆ ಎಂದುಕೊಂಡು ಅವಳು ಆ ಮಾತನ್ನು ಎಷ್ಟೋ ದಿನ ಮನಸ್ಸಿನಲ್ಲಿ ತಿರುವಿ ಹಾಕಿದ್ದಳು. ಆ ದಿನದ ಗೆರೆಯಲ್ಲೂ ಒಂದು ‘ಬಹುಶಃ’ ಇತ್ತು. ಅಪ್ಪನ ಕಿವಿಗೆ ಅದು ಬಿದ್ದಿರಲಿಲ್ಲ.

“ನಾನು ಹೋಗಬೇಡ ಅಂತ ಹೇಳ್ತೀನಿ,” ಎಂದಳು. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಅನುಮಾನ ನಕ್ಕ. ಕುಹಕದ ನಗುವಲ್ಲ. “ಕಿವಿಯಲ್ಲಿ ಹೇಳಿದ್ರೆ ಕೇಳಲ್ಲಮ್ಮ ಅವನು. ಊರಿಗೆಲ್ಲ ಕೇಳೋ ಹಾಗೆ ನಿನ್ನ ಗೆರೆ ಓದಿಬಿಟ್ಟ ಮೇಲೆ ನಿನ್ನಪ್ಪ ಒಬ್ನೇ ದಡದಲ್ಲಿ ಕೂತ್ರೆ, ಜನ ಏನಂತಾರೆ? ಮಗಳ ಮಾತನ್ನ ಅಪ್ಪನೇ ನಂಬಲ್ಲ ಅಂತಾರೆ. ಆ ಮಾತು ಬರೋಕೆ ಅವನು ಬಿಡ್ತಾನಾ? ಗಾಳಿ ಎದುರಿಗೆ ಬಂದ್ರೂ ಹೋಗ್ತಾನೆ.” ಬೀಡಿಯನ್ನು ನೀರಿಗೆಸೆದು, ಅದು ಆರಿದ್ದನ್ನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡು, ಅವನು ಎದ್ದುಹೋದ.

ಅಪ್ಪ ಮತ್ತೆ ಬಗ್ಗಿದ್ದ. ಬೆನ್ನಷ್ಟೇ ಕಾಣುತ್ತಿತ್ತು. ಅಂಗಿ ಬೆವರಿಗೆ ಅಂಟಿಕೊಂಡು ಬೆನ್ನುಮೂಳೆಯ ಗಂಟುಗಳು ಒಂದರ ಕೆಳಗೊಂದು ಎದ್ದುಕಾಣುತ್ತಿದ್ದವು. ಅವಳಿಗೆ ಕೂಗಿ ಕರೆಯಬೇಕೆನ್ನಿಸಿತು. ಕರೆದು ಏನು ಹೇಳುವುದು? ಅನುಮಾನ ಹೇಳಿದ್ದು ನಿಜವಾಗಿತ್ತು. ಎಲ್ಲದರ ಮೇಲೂ ಸಂಶಯ ಪಡುವವನು ಅದೊಂದನ್ನು ಸಂಶಯವಿಲ್ಲದೆ ಹೇಳಿದ್ದ.

ಅವಳು ವಾಪಸು ನಡೆದಳು. ನಡೆಯುತ್ತ ನಡೆಯುತ್ತ ಓಡಿದಳು. ಬುಟ್ಟಿಗಳ ಮುಂದೆ ಕೂತವರು ಈ ಸಲ ಏನೂ ಅನ್ನಲಿಲ್ಲ.

ಮೇಲೆ ಕಹಳೆ ಆಗಲೇ ಕುರ್ಚಿಯಲ್ಲಿ ಕೂತು ವೈರ್‌ಲೆಸ್ಸಿನ ಗುಂಡಿ ತಿರುಗಿಸಿದ್ದರು. ಎಡಗೈಯಲ್ಲಿ ಚೀಟಿ. ಎಲ್ಲ ದೋಣಿಗಳಿಗೂ ನಮಸ್ಕಾರ ಹೇಳಿ, ಹವೆಯ ಸುದ್ದಿ ಓದಿ ಮುಗಿಸಿ, ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವಳು ಹೋಗಿ ಅವರ ಕೈಯಿಂದ ಚೀಟಿ ತೆಗೆದುಕೊಂಡಳು. ಕಸಿದುಕೊಂಡಳು ಎಂದರೂ ತಪ್ಪಿಲ್ಲ. ಅವರು ಮೈಕಿನ ಗುಂಡಿಯ ಮೇಲಿಂದ ಬೆರಳೆತ್ತಿ ಆಶ್ಚರ್ಯದಿಂದ ನೋಡಿದರು.

“ಇದು ಬೇಡ.”

“ಬೇರೆ ಗೆರೆ ಸಿಕ್ತಾ?”

“ಇಲ್ಲ.” ಅವಳು ಚೀಟಿಯನ್ನು ಮಡಚಿದಳು. “ಕಾಣ್ತಿಲ್ಲ ಅಂತ ಹೇಳಿ.”

ಕಹಳೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ಅವರು ಕೆಟ್ಟವರಾಗಿರಲಿಲ್ಲ. ಕೆಲಸಕ್ಕೆ ಹುಡುಗಿಯೇ, ಅದೂ ಬಾಯಿಲ್ಲದ ಹುಡುಗಿಯೇ ಎಂದು ಸಂಘದವರು ಮೂಗು ಮುರಿದಾಗ, ಬಾಯಿ ನನ್ನದಿದೆ, ತಲೆ ಅವಳದಿರಲಿ ಎಂದು ವಾದಿಸಿ ಅವಳನ್ನು ಕರೆತಂದವರೇ ಅವರು. ಅದನ್ನೇ ಈಗ ಮೆತ್ತಗೆ ನೆನಪಿಸಿದರು. ಇಷ್ಟು ದಿನ ದುಡಿಮೆಯಿಲ್ಲದೆ ಕೂತವರು ಹೊರಟು ನಿಂತಿದ್ದಾರೆ. ಅವರಿಗೆ ಬೇಕಾಗಿರುವುದು ಒಂದು ದಿಕ್ಕು. ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಕಡಲು ಯಾವತ್ತೂ ಹೀಗೇ ಎಂದು ಮರೆಯುತ್ತಾರೆ. ಆದರೆ ಗೊತ್ತಿಲ್ಲ ಎಂದು ಒಂದು ಸಲ ಬಾಯಿಬಿಟ್ಟರೆ ಅದನ್ನು ಯಾರೂ ಮರೆಯುವುದಿಲ್ಲ.

“ಗೊತ್ತಿಲ್ಲ ಅನ್ನೋಕೆ ಕಂಪ್ಯೂಟರ್ ಯಾಕೆ, ಕಚೇರಿ ಯಾಕೆ ಅಂತ ಕೇಳ್ತಾರೆ. ನಾಳೆಯಿಂದ ನಿನ್ನನ್ನ ಡಾಕ್ಟರಮ್ಮ ಅಂತಾರೆ ಅಂದ್ಕೊಂಡಿದ್ದೀಯಾ?”

ಅವಳು ತಲೆಯಲ್ಲಾಡಿಸಿದಳು. ಅನ್ನುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಅಂಗಡಿಯಲ್ಲಿ ಸರಿದು ಜಾಗ ಕೊಟ್ಟವರು, ಬಸ್ಸಿನಲ್ಲಿ ಕೈ ಹಿಡಿದವಳು, ಎಲ್ಲರೂ ಅವಳ ಕಣ್ಣ ಮುಂದೆ ಒಂದು ಸಲ ಹಾದುಹೋದರು. ಕಿಟಕಿಯಾಚೆ ಒಂದೊಂದಾಗಿ ಎಂಜಿನ್ನುಗಳು ಬೆಚ್ಚಗಾಗುತ್ತಿದ್ದವು. ಹೊಗೆ ನೀರಿನ ಮೇಲೆಯೇ ತೆವಳುತ್ತಿತ್ತು. ಮುಂದೇನು ಎಂದು ವೈರ್‌ಲೆಸ್ಸಿನಲ್ಲಿ ಯಾರೋ ಕೇಳಿದರು. ಕಹಳೆಗೆ ನಿದ್ದೆ ಬಂತೇನೋ ಎಂದು ಇನ್ನೊಬ್ಬರು ಅಂದರು.

“ನಾನಂತೂ ಹೇಳಲ್ಲಮ್ಮ,” ಎಂದರು ಕಹಳೆ. “ಇಪ್ಪತ್ತು ವರ್ಷದಿಂದ ಈ ಕುರ್ಚೀಲಿ ಕೂತು ಗೊತ್ತಿಲ್ಲ ಅನ್ನೋ ಮಾತು ಆಡಿದವನಲ್ಲ ನಾನು. ಹೇಳಲೇಬೇಕು ಅಂದ್ರೆ ನೀನೇ ಹೇಳು.” ಹಾಗೆಂದು ಮೈಕನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದರು. ಅವಳು ಮುಟ್ಟುವುದಿಲ್ಲವೆಂಬ ನಂಬಿಕೆ ಅವರ ಮುಖದಲ್ಲಿ ಎಷ್ಟು ನಿಶ್ಚಿಂತವಾಗಿತ್ತೆಂದರೆ, ಅವರು ಚೀಟಿಗಾಗಿ ಆಗಲೇ ಕೈ ಚಾಚಿದ್ದರು.

ಮೈಕಿಗೆ ಅವರ ಕೈಯ ಬಿಸಿ ಇನ್ನೂ ಇತ್ತು. ಅಂದುಕೊಂಡದ್ದಕ್ಕಿಂತ ಭಾರ. ಗುಂಡಿ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ನೋಡಿದ್ದಳು, ಒಂದು ದಿನವೂ ಒತ್ತಿರಲಿಲ್ಲ. ಒತ್ತಿದಾಗ ಒಳಗಿನ ಗಿಜಿಗಿಜಿ ಸದ್ದು ತಟ್ಟನೆ ನಿಂತುಹೋಯಿತು. ಇಡೀ ಬಂದರು ಉಸಿರು ಹಿಡಿದು ತನ್ನ ಬಾಯಿ ನೋಡುತ್ತಿದೆ ಅನ್ನಿಸಿತು. ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಬರೀ ಉಸಿರು. ಆ ಉಸಿರು ಕೂಡ ಕಿಟಕಿಯಾಚೆ ಎಲ್ಲೋ ದೊಡ್ಡದಾಗಿ ಕೇಳಿಸಿತು.

ಕಹಳೆಯ ಚಾಚಿದ ಕೈ ಹಾಗೇ ನಿಂತಿತ್ತು.

“ಇವತ್ತಿನ ನಕ್ಷೆ ಪೂರ್ತಿ ಮೋಡ,” ಎಂದಳು. ದನಿ ನಡುಗಿತು, ನಡುಗುತ್ತಲೇ ಮುಂದೆ ಹೋಯಿತು. “ದೂರದಲ್ಲಿ ಗೆರೆ ಇದೆ ಅಂತ ಕೇಳಿದ್ದೀರಲ್ಲ, ಅದು ಹಳೇ ನೀರಿನ ಗೆರೆ. ಇಷ್ಟು ಗಾಳಿ ಆದ ಮೇಲೂ ಅಲ್ಲೇ ಇದೆ ಅನ್ನೋಕಾಗಲ್ಲ. ಅಂಚು ಎಲ್ಲಿದೆ ಅಂತ ನನಗೆ ಗೊತ್ತಿಲ್ಲ.”

ಗುಂಡಿಯಿಂದ ಬೆರಳು ತೆಗೆದಳು. ಮಾತು ಮುಗಿದಿತ್ತು, ಆದರೆ ನಿಂತಿರಲಿಲ್ಲ. ತೆರೆದ ಕಿಟಕಿಯಿಂದ ಅದು ಹಿಂತಿರುಗಿ ಬರುತ್ತಿತ್ತು. ಹತ್ತಿರದ ದೋಣಿಗಳ ವೈರ್‌ಲೆಸ್ಸುಗಳಿಂದ ಮೊದಲು, ಆಮೇಲೆ ಅದರಾಚೆಯವುಗಳಿಂದ, ನೀರು ದಾಟಿ ಒಂದರ ಹಿಂದೊಂದು, ಒಬ್ಬ ಹುಡುಗಿಯ ತೆಳ್ಳನೆಯ, ಗುರುತಿಲ್ಲದ ದನಿ: ಗೊತ್ತಿಲ್ಲ, ಗೊತ್ತಿಲ್ಲ. ಅವಳು ಬೇರೆ ಯಾರದೋ ಮಾತು ಕೇಳುವ ಹಾಗೆ ನಿಂತು ಕೇಳಿದಳು. ಎಲ್ಲಕ್ಕಿಂತ ಕೊನೆಯದು, ಎಲ್ಲಕ್ಕಿಂತ ಸಣ್ಣಗೆ, ಬಂದರಿನ ಆ ತುದಿಯಿಂದ, ಅಪ್ಪನ ದೋಣಿಯಿಂದ ಬಂತು.